ಇದ್ದೂ ದೊರಕದ ಆಜ್ಞೆಗಳು

ಖಾನಾಪುರದ ಡಿಟಿಪಿ ಅಂಗಡಿಯೊಂದರಲ್ಲಿ ಜೋಡಣೆಗೊಂಡ ಲಗ್ನಪತ್ರಿಕೆಯಾಗಲಿ, ಜಾತ್ರೆಯ ಕರಪತ್ರವಾಗಲಿ, ದೊಡ್ಡ ಯಂತ್ರದ ಮುದ್ರಣವನ್ನು ಬೇಡಿದಾಗ ಸುಮಾರು 25 ಕಿಲೋಮೀಟರು ದೂರದ ಬೆಳಗಾವಿಗೆ ಬರುತ್ತದೆ. ಮೊದಲು ಪೆನ್‌ಡ್ರೈವಿನೊಳಗೆ ಕುಳಿತು ಬಸ್ಸಿನಲ್ಲಿ ಬರುತ್ತಿದ್ದುದು ಈಗ ವಾಟ್ಸಾಪಿನ ಮೂಲಕ ಬರುತ್ತದೆಂಬಷ್ಟೇ ಭೇದ. ಹಾಗೆ ಬಂದ ಕಡತವನ್ನು ತೆರೆಯುವ ಮುನ್ನವೇ ಬೆಳಗಾವಿಯ ಮುದ್ರಕನು ಖಾನಾಪುರದವನಿಗೆ ಫೋನು ಮಾಡಿ ಕೇಳುವ ಮೊದಲ ಮಾತು ಕಾಗದದ ದಪ್ಪವನ್ನು ಕುರಿತದ್ದಲ್ಲ, ಪ್ರತಿಗಳ ಸಂಖ್ಯೆಯನ್ನು ಕುರಿತದ್ದೂ ಅಲ್ಲ, "ಕರ್ವ್ ಮಾಡೀರೇನ್ರಿ?" ಎಂಬುದೇ.

ಹೀಗೆ ಕೇಳುವುದಕ್ಕೆ ಕಾರಣವುಂಟು. ನುಡಿ, ಶ್ರೀಲಿಪಿ ಮೊದಲಾದ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರವು ಕನ್ನಡದ ಅಕ್ಷರವೆಂದು ಗಣಕದಲ್ಲಿ ದಾಖಲಾಗುವುದಿಲ್ಲ. ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾಗಿದ್ದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿ ಕಾರ್ಯವನ್ನು ನಿರ್ವಹಿಸಿದ ಉಪಾಯವದು. ಎದುರಿನ ಗಣಕದಲ್ಲಿ ಅದೇ ಫಾಂಟು ಇಲ್ಲದೆಹೋದರೆ ವಧೂವರರ ನಾಮಧೇಯಗಳೂ ಅಕ್ಷತೆಯ ಮುಹೂರ್ತವೂ ಅರ್ಥಹೀನವಾದ ರೋಮನ್ ಅಕ್ಷರಗಳ ರಾಶಿಯಾಗಿ ಪರದೆಯ ಮೇಲೆ ಬಿದ್ದಿರುತ್ತವೆ. ಇದಕ್ಕೆ ಅಂಗಡಿಯವರು "ಫಾಂಟ್ ಒಡದಾವು" ಎನ್ನುತ್ತಾರೆ. ಅದನ್ನು ತಪ್ಪಿಸುವುದಕ್ಕಾಗಿ, ಕಳುಹಿಸುವವನು ತಾನು ಬಳಸುವ ಚಿತ್ರಸಂಯೋಜನೆಯ ತಂತ್ರಾಂಶವಾದ ಕೋರೆಲ್‌ಡ್ರಾದಲ್ಲಿ ಎಲ್ಲವನ್ನೂ ಆಯ್ದುಕೊಂಡು ಕಂಟ್ರೋಲ್ ಮತ್ತು ಕ್ಯೂ ಕೀಲಿಗಳನ್ನು ಒಟ್ಟಿಗೆ ಒತ್ತಿ, ಅಕ್ಷರಗಳನ್ನು ಬರಿಯ ರೇಖಾಕೃತಿಗಳನ್ನಾಗಿ ಮಾರ್ಪಡಿಸುತ್ತಾನೆ. ಅಲ್ಲಿಂದ ಮುಂದೆ ಅವು ಯಾವ ಫಾಂಟಿನ ಹಂಗಿನಲ್ಲಿಯೂ ಇಲ್ಲ. ಆದರೆ ಅವು ಅಕ್ಷರಗಳೂ ಅಲ್ಲ. ಕನ್ಯೆಯ ತಂದೆಯ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆಯೆಂದು ರಾತ್ರಿ ಹತ್ತು ಗಂಟೆಗೆ ಫೋನು ಬಂದರೆ ಆ ಕಡತದಲ್ಲಿ ತಿದ್ದುವ ಬಗೆಯಿಲ್ಲ, ಕರ್ವ್ ಮಾಡುವುದಕ್ಕೆ ಮೊದಲಿನ ಮೂಲಪ್ರತಿಯನ್ನು ಹುಡುಕಬೇಕು. ಇಷ್ಟು ಅನಿವಾರ್ಯವೂ ಇಷ್ಟು ಅಪಾಯಕಾರಿಯೂ ಆದ ಕ್ರಿಯೆ ಮತ್ತೊಂದು ಈ ಉದ್ಯೋಗದಲ್ಲಿ ಇಲ್ಲವಾದ್ದರಿಂದಲೇ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲು ಹೇಳಿಕೊಡುವ ಪಾಠವೂ ಇದೇ ಆಗಿರುತ್ತದೆ.

ಆ ಹುಡುಗನೇ ಒಂದು ವರ್ಷದ ತರುವಾಯ ಬೇರೊಂದು ಅಂಗಡಿಗೆ ಹೋಗಿ ಇಲಸ್ಟ್ರೇಟರ್ ಎಂಬ ಬೇರೆ ತಂತ್ರಾಂಶದ ಮುಂದೆ ಕುಳಿತನೆಂದು ಭಾವಿಸೋಣ. ಮಾಡಬೇಕಾದ ಕಾರ್ಯ ಅವನಿಗೆ ಚೆನ್ನಾಗಿ ಗೊತ್ತಿದೆ. ಅದರ ಅಗತ್ಯವೂ ಗೊತ್ತು, ಅಪಾಯವೂ ಗೊತ್ತು. ಆದರೆ 'ಕರ್ವ್' ಎಂಬುದನ್ನು ಅವನು ಮೆನುಗಳಲ್ಲಿ ಹುಡುಕಿದರೆ ಅವನಿಗೆ ಬೇಕಾದ ಆಜ್ಞೆ ಕಾಣುವುದಿಲ್ಲ. ಏತಕ್ಕೆಂದರೆ ಅಲ್ಲಿ ಅದಕ್ಕೆ 'ಕ್ರಿಯೇಟ್ ಔಟ್‌ಲೈನ್ಸ್' ಎಂದು ಹೆಸರು, ಅದರ ಸ್ಥಾನ 'ಟೈಪ್' ಎಂಬ ಪಟ್ಟಿಯಲ್ಲಿ. ಫೋಟೋಶಾಪಿಗೆ ಹೋದರೆ ಅದು 'ಕನ್ವರ್ಟ್ ಟು ಶೇಪ್'. ಇಂಕ್‌ಸ್ಕೇಪಿನಲ್ಲಿ 'ಆಬ್ಜೆಕ್ಟ್ ಟು ಪಾತ್'. ಚಿತ್ರವೊಂದನ್ನು ಆಕೃತಿಯೊಂದರ ಒಳಗೆ ಸೇರಿಸಿ ಹೊರಗಿನ ಭಾಗವನ್ನು ಮರೆಮಾಡುವ ಕ್ರಿಯೆಗೆ ಕೋರೆಲ್‌ನಲ್ಲಿ 'ಪವರ್‌ಕ್ಲಿಪ್' ಎಂದು ಹೆಸರಾದರೆ ಉಳಿದ ಕಡೆ 'ಕ್ಲಿಪ್ಪಿಂಗ್ ಮಾಸ್ಕ್' ಎಂದೋ ಬರಿಯ 'ಕ್ಲಿಪ್' ಎಂದೋ ವ್ಯವಹಾರ. ಸಾಲದುದಕ್ಕೆ, ಕೋರೆಲ್‌ನ ಒಳಗೇ ಅದು ಹಿಂದೆ 'ಎಫೆಕ್ಟ್ಸ್' ಪಟ್ಟಿಯಲ್ಲಿದ್ದು ಮುಂದಿನ ಆವೃತ್ತಿಗಳಲ್ಲಿ 'ಆಬ್ಜೆಕ್ಟ್' ಪಟ್ಟಿಗೆ ಸ್ಥಳಾಂತರಗೊಂಡಿತು. ಕಾರ್ಯವನ್ನು ಬಲ್ಲವನು ಆಜ್ಞೆಯನ್ನು ಕಾಣದೆ ಕುಳಿತಿರುವ ಈ ಸ್ಥಿತಿಯನ್ನು ಅಜ್ಞಾನವೆಂದು ಕರೆಯುವುದು ಅನ್ಯಾಯ. ಇಲ್ಲಿ ತಪ್ಪಿರುವುದು ಅವನ ಕಲಿಕೆಯಲ್ಲ. ಅವನ ಮಾತನ್ನು ಕೇಳಿಸಿಕೊಳ್ಳುವ ಶಕ್ತಿ ಯಂತ್ರಕ್ಕೆ ಇಲ್ಲದಿರುವುದು.

ಸೃಜನಕಾರ್ಯಕ್ಕೆ ಒದಗುವ ತಂತ್ರಾಂಶಗಳು ವರ್ಷದಿಂದ ವರ್ಷಕ್ಕೆ ಸ್ಥೂಲವಾಗುತ್ತ ಬಂದಿವೆ. 1989ರ ಕೋರೆಲ್‌ಡ್ರಾವನ್ನೂ 1990ರ ಫೋಟೋಶಾಪನ್ನೂ ಇಂದಿನ ಅವುಗಳ ಸಂತತಿಯೊಡನೆ ಹೋಲಿಸಿದರೆ ಬೀಜಕ್ಕೂ ವೃಕ್ಷಕ್ಕೂ ಇರುವ ಅಂತರ ಕಂಡುಬರುತ್ತದೆ. ಬರವಣಿಗೆಗೆಂದೇ ಇರುವ ಮೈಕ್ರೋಸಾಫ್ಟ್ ವರ್ಡ್ ಕೂಡ ತನ್ನ ಮೊದಲ ಆವೃತ್ತಿಯಲ್ಲಿ ಸುಮಾರು 100 ಆಜ್ಞೆಗಳನ್ನು ಹೊಂದಿದ್ದು, 2003ರ ಹೊತ್ತಿಗೆ 1500ನ್ನು ಮೀರಿ ಬೆಳೆಯಿತೆಂದು ಅದರ ನಿರ್ಮಾಪಕರೇ ಹೇಳಿದ್ದಾರೆ. ಬಳಕೆದಾರರು ಹೊಸದಾಗಿ ಬೇಕೆಂದು ಕೇಳಿದ ಸೌಕರ್ಯಗಳಲ್ಲಿ ಅನೇಕವು ಅದರೊಳಗೆ ಆಗಲೇ ಇದ್ದುವೆಂಬುದನ್ನೂ ಅವರು ಮರೆಮಾಚಲಿಲ್ಲ. ಇದ್ದುದನ್ನೇ ಇಲ್ಲವೆಂದು ತಿಳಿದು ಬೇಡುವ ಈ ವಿಪರ್ಯಾಸದಿಂದ ನಿರ್ಮಾಪಕರು ತೆಗೆದ ನಿರ್ಣಯ, ಆಜ್ಞೆಗಳು ಹೆಚ್ಚಾದುವು, ಅವನ್ನು ಮುಚ್ಚಿಡಬೇಕು ಎಂಬುದು. ಆಫೀಸ್ 2000 ಎಂಬ ಆವೃತ್ತಿಯಲ್ಲಿ ವಿರಳವಾಗಿ ಬಳಸುವ ಆಜ್ಞೆಗಳು ಮೆನುವಿನಿಂದ ತಾವಾಗಿ ಅಂತರ್ಧಾನವಾಗುತ್ತಿದ್ದುವು. ಬಳಕೆ ಬದಲಾದಂತೆ ಪಟ್ಟಿಯೂ ಬದಲಾಗುತ್ತಿತ್ತು. ಉದ್ದೇಶ ಸಾಧುವಾದುದೇ. ಪರಿಣಾಮ ಮಾತ್ರ ಬೇರೆ: ನಿನ್ನೆ ಐದನೆಯ ಸಾಲಿನಲ್ಲಿದ್ದುದು ಇಂದು ಮೂರನೆಯ ಸಾಲಿನಲ್ಲಿ, ನಾಳೆ ಎಲ್ಲಿಯೂ ಇಲ್ಲ. 2007ರಲ್ಲಿ ಆಜ್ಞೆಗಳನ್ನು ಪರದೆಯ ಮೇಲ್ಭಾಗದಲ್ಲಿ ಹರಡಿ ತೋರಿಸುವ ರಿಬ್ಬನ್ ಬಂದಾಗ ಆ ಏರ್ಪಾಡನ್ನು ಕೈಬಿಟ್ಟರು.

ಅಚ್ಚುಮೊಳೆಯ ಕಾಲದ ಮುದ್ರಣಾಲಯವನ್ನು ಕಂಡವರಿಗೆ ಆ ಏರ್ಪಾಡು ಏಕೆ ಸೋತಿತೆಂದು ವಿವರಿಸಬೇಕಾಗಿಲ್ಲ. ಕಂಪೋಜಿಟರನ ಮುಂದೆ ಓರೆಯಾಗಿ ನಿಲ್ಲಿಸಿದ ಮರದ ಕೇಸಿನಲ್ಲಿ ಕನ್ನಡದ ಅಕ್ಷರಗಳು, ಗುಣಿತಗಳು, ಒತ್ತುಗಳು, ಅರ್ಕಾವೊತ್ತು, ವಿಸರ್ಗ ಎಂದು ಲೆಕ್ಕವಿಲ್ಲದಷ್ಟು ಮನೆಗಳಿರುತ್ತಿದ್ದುವು; ಇಂಗ್ಲಿಷಿನ ಕೇಸನ್ನು ನೋಡಿ ಬಂದವನಿಗೆ ಅದು ದಾಟಲಾಗದ ಅರಣ್ಯವೆಂದು ತೋರುತ್ತಿತ್ತು. ಆದರೂ ಅನುಭವಿಯ ಕೈ ಕಣ್ಣಿನ ಸಹಾಯವಿಲ್ಲದೆ ಬೇಕಾದ ಮೊಳೆಯನ್ನು ಎತ್ತಿಕೊಳ್ಳುತ್ತಿತ್ತು, ದೃಷ್ಟಿ ಹಸ್ತಪ್ರತಿಯ ಮೇಲೆಯೇ ನಿಂತಿರುತ್ತಿತ್ತು. ಅದಕ್ಕೆ ಸಾಧನವಾಗಿದ್ದುದು ಸಂಖ್ಯೆಯ ಅಲ್ಪತ್ವವಲ್ಲ, ಸ್ಥಾನದ ಸ್ಥೈರ್ಯ. ಪದೇ ಪದೇ ಬೇಕಾಗುವ ಅಕ್ಷರಗಳು ಕೈಗೆ ಸಮೀಪದಲ್ಲಿ, ಅಪರೂಪದವು ದೂರದಲ್ಲಿ; ಆದರೆ ದೂರದಲ್ಲಿದ್ದುದೂ ತನ್ನ ಮನೆಯಲ್ಲಿಯೇ ಇರುತ್ತಿತ್ತು. ರಾತ್ರಿ ಯಾರಾದರೂ ಬಂದು, ನೀನು ಞಕಾರವನ್ನು ಬಳಸುವುದಿಲ್ಲವೆಂದು ಹೇಳಿ ಅದರ ಮನೆಯನ್ನೇ ಕಿತ್ತುಹಾಕಿದ್ದರೆ ಬೆಳಗ್ಗೆ 'ಜ್ಞಾನ' ಎಂಬ ಪದದ ಎದುರಿಗೆ ಆ ಮನುಷ್ಯನು ಏನು ಮಾಡಬೇಕಾಗಿತ್ತು?

ಸಂಖ್ಯೆ ದೋಷವಲ್ಲವೆಂದಾದ ಮೇಲೆ ಉಳಿಯುವ ಪ್ರಶ್ನೆ ಹೆಸರಿನದು. ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರು ಜಾರ್ಜ್ ಫರ್ನಾಸ್, ಥಾಮಸ್ ಲ್ಯಾಂಡವರ್, ಲೂಯಿಸ್ ಗೊಮೆಜ್, ಸೂಸನ್ ಡೂಮೆ ಎಂಬ ನಾಲ್ವರು ಸಂಶೋಧಕರು. 1987ರಲ್ಲಿ ಪ್ರಕಟವಾದ ಅವರ ಪ್ರಬಂಧವು ಇಂದಿಗೂ ಹಳತಾಗಿಲ್ಲ. ಬರಹವನ್ನು ತಿದ್ದುವ ಕ್ರಿಯೆಗಳಿಗೆ, ಪಾಕವಿಧಾನಗಳಿಗೆ, ಮಾರಾಟದ ವಸ್ತುಗಳಿಗೆ ನೀವಾಗಿಯೇ ಹೆಸರನ್ನು ಸೂಚಿಸಿರೆಂದು ಅವರು ಜನರನ್ನು ಕೇಳಿದರು. ಇಬ್ಬರು ವ್ಯಕ್ತಿಗಳು ಒಂದೇ ವಸ್ತುವಿಗೆ ಒಂದೇ ಪದವನ್ನು ಆರಿಸುವ ಸಂಭವ ಶೇಕಡಾ 20ಕ್ಕಿಂತಲೂ ಕಡಮೆಯೆಂದು ಕಂಡುಬಂತು. ಅಂದರೆ, ನಿರ್ಮಾಪಕನು ಎಷ್ಟೇ ಬುದ್ಧಿವಂತನಾಗಿ ಒಂದು ಹೆಸರನ್ನು ಇಟ್ಟರೂ ಹುಡುಕಬಂದ ಹತ್ತು ಮಂದಿಯಲ್ಲಿ ಎಂಟು ಮಂದಿಯ ನಾಲಿಗೆಯ ಮೇಲೆ ಬೇರೆ ಬೇರೆ ಪದಗಳೇ ಇರತಕ್ಕವು. ಒಳ್ಳೆಯ ಹೆಸರನ್ನು ಹುಡುಕುವುದರಿಂದ ಈ ಕೊರತೆ ನೀಗುವುದಿಲ್ಲವೆಂಬುದೇ ಆ ಪ್ರಬಂಧದ ತಾತ್ಪರ್ಯ. ಒಂದೇ ಆಜ್ಞೆಗೆ ಎಷ್ಟು ಹೆಸರುಗಳು ಜನರಲ್ಲಿ ಇವೆಯೋ ಅಷ್ಟನ್ನೂ ಯಂತ್ರವು ಒಪ್ಪಿಕೊಳ್ಳಬೇಕು ಎಂಬುದು ಅವರ ಪರಿಹಾರ. ಆ ಪರೀಕ್ಷೆಯಾದರೂ ಇಂಗ್ಲಿಷೊಂದರಲ್ಲಿಯೇ ನಡೆದದ್ದು. ಕನ್ನಡ, ಮರಾಠಿ, ಹಿಂದಿ, ಉರ್ದು, ಅವೆಲ್ಲದರ ಮೇಲೆ ಅಂಗಡಿಯ ಇಂಗ್ಲಿಷು, ಹೀಗೆ ದಿನವಿಡೀ ಮಾತಾಡುವ ಬೆಳಗಾವಿಯಲ್ಲಿ ಅದನ್ನೇ ನಡೆಯಿಸಿದರೆ ಸಂಖ್ಯೆ ಎಲ್ಲಿಗೆ ಇಳಿಯಬಹುದೆಂಬುದನ್ನು ಓದುಗರು ಊಹಿಸಬಹುದು.

ಒಂದು ವಸ್ತುವಿಗೆ ಅನೇಕ ನಾಮಗಳಿರುವುದು ನಮ್ಮ ಪಂಡಿತ ಪರಂಪರೆಗೆ ಎಂದೂ ಗೊಂದಲವೆಂದು ತೋರಿರಲಿಲ್ಲ. ಅಮರಸಿಂಹನು ಪರ್ಯಾಯಪದಗಳನ್ನು ವರ್ಗವರ್ಗವಾಗಿ ಜೋಡಿಸಿ, ಒಂದೇ ಪದಕ್ಕೆ ಹಲವು ಅರ್ಥಗಳುಂಟಾಗುವ ಸ್ಥಳಗಳಿಗೆ ಕಡೆಯ ಕಾಂಡದಲ್ಲಿ ನಾನಾರ್ಥವರ್ಗವನ್ನೇ ಪ್ರತ್ಯೇಕವಾಗಿ ರಚಿಸಿದನು. ನಾಗವರ್ಮನು ಅಭಿಧಾನವಸ್ತುಕೋಶದಲ್ಲಿ ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥವನ್ನು ಹೇಳಿದನು. ಯಾವ ಹೆಸರನ್ನು ಹಿಡಿದು ಬಂದವನೂ ವಸ್ತುವನ್ನು ಮುಟ್ಟುವಂತೆ ದಾರಿಗಳನ್ನು ಹಾಕಿಡುವುದು ಕೋಶಕಾರನ ಧರ್ಮವೆಂದು ಅವರು ತಿಳಿದಿದ್ದರು. ಲಕ್ಷಾಂತರ ಜನ ಬಳಸುವ ತಂತ್ರಾಂಶದ ನಿರ್ಮಾಪಕನಿಗೆ ಈ ಧರ್ಮ ಅನ್ವಯಿಸದೆಂದು ವಾದಿಸುವುದು ಕಷ್ಟ.

ಈಗ ಹೆಸರಿನ ಪ್ರಶ್ನೆಗಿಂತಲೂ ಗಹನವಾದ ಇನ್ನೊಂದಕ್ಕೆ ಬರುತ್ತೇನೆ. ಯಾವ ಆಜ್ಞೆ ಮೇಲಿರಬೇಕು, ಯಾವುದು ನಾಲ್ಕು ಮೆಟ್ಟಿಲು ಕೆಳಗಿರಬೇಕು ಎಂಬ ನಿರ್ಣಯವನ್ನು ಯಾರು, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡುತ್ತಾರೆ? ಇದಕ್ಕೆ ಕನ್ನಡದ್ದೇ ಆದ ಒಂದು ನಿದರ್ಶನವಿದೆ, ಅದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು.

ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ದೊರೆತದ್ದು 1991ರಲ್ಲಿ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ತುಂಗಾ ಎಂಬ ಫಾಂಟಿನೊಡನೆ, ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸಿ ತೋರಿಸಬಲ್ಲುದಾಗಿತ್ತು. ಸಾಮಾನ್ಯ ಬರವಣಿಗೆಯಲ್ಲಿ ಹೀಗೆ ನೆಟ್ಟಗೆ ನಿಂತ ಪದವನ್ನೇ ಎತ್ತಿ ಚಿತ್ರಸಂಯೋಜನೆಯ ತಂತ್ರಾಂಶದಲ್ಲಿ ಅಂಟಿಸಿದರೆ ಮಾತ್ರ ಅದು ಚೂರುಚೂರಾಗುತ್ತಿತ್ತು: 'ಲಕ್ಷ್ಮೀ' ಎಂಬ ಹೆಸರಿನ ವ್ಯಂಜನಗಳು ಒಂದರ ಕೆಳಗೊಂದು ಕೂಡದೆ ಅರ್ಧಾಕ್ಷರಗಳಾಗಿ ಸಾಲಿನಲ್ಲಿ ನಿಲ್ಲುತ್ತಿದ್ದುವು, 'ಕರ್ನಾಟಕ'ದ ರಕಾರವು ಅರ್ಕಾವೊತ್ತಾಗದೆ ನಕಾರದ ಎಡಕ್ಕೇ ಅರ್ಧಾಕ್ಷರವಾಗಿ ಉಳಿಯುತ್ತಿತ್ತು. ನಮ್ಮ ಅಂಗಡಿಗಳು ಯುನಿಕೋಡನ್ನು ನಂಬದೆ ನುಡಿಯ ಹಳೆಯ ಫಾಂಟುಗಳಿಗೇ ಅಂಟಿಕೊಂಡದ್ದಕ್ಕೆ ಸೋಮಾರಿತನವನ್ನು ಕಾರಣವಾಗಿ ಹೇಳುವವರು ಈ ಸಂಗತಿಯನ್ನು ಮರೆಯುತ್ತಾರೆ.

2012ರ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್ ಸಿಎಸ್6ರಲ್ಲಿ ಕನ್ನಡ, ಮರಾಠಿಗಳೂ ಸೇರಿ ಭಾರತದ 10 ಭಾಷೆಗಳಿಗೆ ಬೆಂಬಲ ಬಂತು. ಅಕ್ಷರಗಳನ್ನು ಕೂಡಿಸುವ ಆ ಸಾಮರ್ಥ್ಯ ಒಳಗೆ ಇತ್ತು. ಆದರೆ ಅದನ್ನು ಎಬ್ಬಿಸುವುದಕ್ಕೆ 'ವಿಂಡೋ' ಎಂಬ ಪಟ್ಟಿಗೆ ಹೋಗಿ, ಅದರೊಳಗೆ 'ಯುಟಿಲಿಟೀಸ್', ಅದರೊಳಗೆ 'ಸ್ಕ್ರಿಪ್ಟ್ಸ್' ತೆರೆದು, ಅಲ್ಲಿಯ 'ಅಪ್ಲಿಕೇಶನ್' ಎಂಬ ಕೋಶದಲ್ಲಿ 'ಇಂಡಿಕ್ ಪ್ರಿಫರೆನ್ಸಸ್' ಎಂಬ ಕಿರುಕಡತವೊಂದನ್ನು ಹುಡುಕಿ ಅದರ ಮೇಲೆ ಎರಡು ಬಾರಿ ಒತ್ತಬೇಕಾಗಿತ್ತು. ಫೋಟೋಶಾಪಿನಲ್ಲಿಯೂ ತರುವಾಯ ಇಂಥದೇ ಅನುಕೂಲ ಒದಗಿತು. ಅದು ಕುಳಿತದ್ದು 'ಪ್ರಿಫರೆನ್ಸಸ್' ಎಂಬ ಕೋಣೆಯ 'ಟೈಪ್' ವಿಭಾಗದಲ್ಲಿ, 'ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್' ಎಂಬ ನಾಮಫಲಕದ ಹಿಂದೆ. ಅದನ್ನು ಆರಿಸಿದ ಮಾತ್ರಕ್ಕೆ ಎದುರಿಗಿದ್ದ ಬರಹ ಸರಿಹೋಗುತ್ತಿರಲಿಲ್ಲ, ಮುಂದೆ ಹೊಸದಾಗಿ ತೆರೆಯುವ ಕಡತಕ್ಕಷ್ಟೇ ಅದು ಅನ್ವಯ. ಸರಿಯಾದ ಬಾಗಿಲನ್ನೇ ತಟ್ಟಿದವನು ಒಳಗೆ ಯಾರೂ ಇಲ್ಲವೆಂದು ತಿಳಿದು ಹಿಂದಿರುಗಿದ ಪ್ರಸಂಗಗಳು ಎಷ್ಟಾಗಿರಬೇಡ! ಒತ್ತಕ್ಷರ ಕೂಡುತ್ತಿಲ್ಲವೆಂದು ಪರದಾಡುವ ಖಾನಾಪುರದ ಯುವಕನಿಗೆ ತನ್ನ ಕಷ್ಟದ ಹೆಸರು ಪಶ್ಚಿಮ ಏಷ್ಯಾದೊಡನೆ ಸೇರಿಕೊಂಡಿರುವುದೆಂದು ಯಾವ ದಾರಿಯಿಂದ ಹೊಳೆಯಬೇಕು? ಮುಂದಿನ ಆವೃತ್ತಿಗಳಲ್ಲಿ ಈ ಹೆಸರೂ ಹೋಗಿ 'ವರ್ಲ್ಡ್-ರೆಡಿ' ಎಂದಾಯಿತು. ಸೌಜನ್ಯಪೂರ್ಣವಾದ ಹೆಸರೇ, ಆದರೆ ಲೋಕವೆಲ್ಲ ಸಿದ್ಧವಾಗಿದೆ ಎಂಬ ಆ ಘೋಷಣೆಯಲ್ಲಿ ಕನ್ನಡವೂ ಅಡಗಿದೆಯೆಂಬ ಸುಳಿವು ಮತ್ತಷ್ಟು ಕ್ಷೀಣವಾಯಿತು.

ಇಂಗ್ಲಿಷಿನಲ್ಲಿ ಕೆಲಸ ಮಾಡುವವನಿಗೆ ಈ ಆಯ್ಕೆ ಜನ್ಮದಲ್ಲಿ ಒಮ್ಮೆಯೂ ಬೇಡ. ಕನ್ನಡಿಗನಿಗೆ ಇದು ಮೊದಲನೆಯ ಆಜ್ಞೆ, ಇದಿಲ್ಲದೆ ಎರಡನೆಯದಕ್ಕೆ ಅರ್ಥವಿಲ್ಲ. ಒಬ್ಬನಿಗೆ ಅಪರೂಪವಾದದ್ದು ಇನ್ನೊಬ್ಬನಿಗೆ ಅನ್ನವಾಗಿರುವ ಈ ವ್ಯತ್ಯಾಸವನ್ನು ಸರಾಸರಿಯ ಲೆಕ್ಕವು ಕಾಣಲಾರದು. ಕೋಟಿ ಬಳಕೆದಾರರಲ್ಲಿ ಎಷ್ಟು ಮಂದಿ ಒಂದು ಆಜ್ಞೆಯನ್ನು ಒತ್ತಿದರೆಂದು ಎಣಿಸಿ, ಕಡಮೆ ಒತ್ತಿದ್ದನ್ನು ಕೆಳಕ್ಕೆ ತಳ್ಳುವ ಪದ್ಧತಿ ನಿಷ್ಪಕ್ಷಪಾತವೆಂದು ತೋರಬಹುದು. ವಾಸ್ತವದಲ್ಲಿ ಅದು ಬಹುಸಂಖ್ಯೆಯ ಅಭ್ಯಾಸವನ್ನು ನಿಯಮವಾಗಿ ಮಾಡುತ್ತದೆ. ಅಡಗಿದ್ದ ಆಜ್ಞೆಯನ್ನು ಜನ ಒತ್ತಲಿಲ್ಲವೆಂಬುದು ಅದು ಅವರಿಗೆ ಬೇಡವಾಗಿತ್ತೆಂಬುದಕ್ಕೆ ಪ್ರಮಾಣವೂ ಅಲ್ಲ. ಈ ವಿಷಯ ನಮ್ಮಲ್ಲಿ ಈಗ ಇನ್ನಷ್ಟು ಪ್ರಸ್ತುತವಾಗಿದೆ. ಅಂಗಡಿಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂದು 2024ರಲ್ಲಿ ಕಾಯ್ದೆ ತಿದ್ದುಪಡಿಯಾದ ಮೇಲೆ, ಬೆಳಗಾವಿಯ ಖಡೇಬಜಾರಿನಿಂದ ಶಹಾಪುರದವರೆಗೆ ಕನ್ನಡದ ದಪ್ಪಕ್ಷರಗಳನ್ನು ಹೊಸದಾಗಿ ಕೂರಿಸಬೇಕಾದವರು ಇದೇ ಮೆನುಗಳ ಮುಂದೆ ಕುಳಿತಿರುವವರು. ಶಾಸನವನ್ನು ವಿಧಾನಮಂಡಲ ಮಾಡಿದರೂ ಒತ್ತಕ್ಷರವನ್ನು ಕೂಡಿಸತಕ್ಕದ್ದು ಎಲ್ಲಿಯೋ ಮೂರು ಕೋಣೆಗಳಾಚೆ ಕುಳಿತ ಒಂದು ಆಪ್ಷನ್ನು.

ಇದಕ್ಕೆಲ್ಲ ಸಿದ್ಧೌಷಧವೆಂದು ಇತ್ತೀಚಿನ ವರ್ಷಗಳಲ್ಲಿ ಬಂದಿರುವುದು ಆಜ್ಞೆಗಳನ್ನು ಹೆಸರಿನಿಂದ ಹುಡುಕುವ ಪೆಟ್ಟಿಗೆ. 2007ರಲ್ಲಿ ಆಪಲ್ ತನ್ನ ಲೆಪರ್ಡ್ ಆವೃತ್ತಿಯ ಸಹಾಯಪಟ್ಟಿಯಲ್ಲಿ ಇಂಥದೊಂದನ್ನು ಇಟ್ಟಿತು. 2016ರ ಕೊನೆಗೆ ಫೋಟೋಶಾಪಿನಲ್ಲಿ ಬಂತು. 2018ರ ಜಿಂಪ್ 2.10ರಲ್ಲಿ ಓರೆಗೆರೆಯ ಕೀಲಿಯನ್ನು ಒತ್ತಿದರೆ ತೆರೆದುಕೊಳ್ಳುತ್ತದೆ, 2021ರ ಇಂಕ್‌ಸ್ಕೇಪ್ 1.1ರಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ. ಬ್ಲೆಂಡರಿನಲ್ಲಿಯೂ ಉಂಟು. ಇವುಗಳನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ, ಆದರೆ ಇವೆಲ್ಲ ಒಂದೇ ತೂಕದವಲ್ಲ. ಬಹುತೇಕ ಪೆಟ್ಟಿಗೆಗಳು ಹೆಸರನ್ನು ಪಡೆದು ಆಜ್ಞೆಯನ್ನು ನಡೆಯಿಸಿ ಸುಮ್ಮನಾಗುತ್ತವೆ. ನಾಳೆ ಅದೇ ಬೇಕಾದರೆ ಮತ್ತೆ ಅವುಗಳನ್ನೇ ಕೇಳಬೇಕು. ಆಪಲ್‌ನ ಪೆಟ್ಟಿಗೆ ಮಾತ್ರ, ದೊರೆತ ಆಜ್ಞೆಯ ಮೇಲೆ ಬೆರಳಿಟ್ಟ ಕ್ಷಣದಲ್ಲಿ, ಅದು ವಾಸವಾಗಿರುವ ಮೆನುವನ್ನು ತಾನೇ ತೆರೆದು, ತೇಲುವ ನೀಲಿ ಬಾಣವೊಂದರಿಂದ ಅದರ ಸ್ಥಾನವನ್ನು ತೋರಿಸುತ್ತದೆ. ಕಾರ್ಯವೂ ಆಯಿತು, ಮನೆಯ ಗುರುತೂ ಸಿಕ್ಕಿತು. ಅಕ್ಕಪಕ್ಕದಲ್ಲಿ ಇನ್ನೇನಿದೆಯೆಂಬುದೂ ಕಣ್ಣಿಗೆ ಬಿತ್ತು. ಹುಡುಕುವುದು ಕಲಿಯುವುದಕ್ಕೆ ದಾರಿಯಾಗಬೇಕೆಂದು ಬಯಸುವವರಿಗೆ ಇದೇ ಮೇಲಾದ ಮಾದರಿ. ಇಷ್ಟು ವರ್ಷವಾದರೂ ಉಳಿದವರು ಇದನ್ನು ಅನುಸರಿಸದಿರುವುದು ನನಗೆ ಆಶ್ಚರ್ಯದ ಸಂಗತಿ.

ಹುಡುಕುಪೆಟ್ಟಿಗೆಯನ್ನು ಇಟ್ಟ ಮೇಲೆ ಮೆನುಗಳೇ ಬೇಡವೆಂದು ವಾದಿಸುವವರಿದ್ದಾರೆ. ಅವರು ಒಂದನ್ನು ಗಮನಿಸುವುದಿಲ್ಲ: ಹುಡುಕಬೇಕಾದರೆ, ಅಂಥದೊಂದು ಇದೆಯೆಂದು ಮೊದಲು ತಿಳಿದಿರಬೇಕು. ಪವರ್‌ಕ್ಲಿಪ್ ಎಂಬ ಸೌಲಭ್ಯವಿದೆಯೆಂದೇ ಅರಿಯದವನು ಚಿತ್ರದ ಅಂಚನ್ನು ಗಂಟೆಗಟ್ಟಲೆ ಕತ್ತರಿಸುತ್ತ ಕೂರುತ್ತಾನೆಯೇ ಹೊರತು ಅದರ ಹೆಸರನ್ನು ಪೆಟ್ಟಿಗೆಯಲ್ಲಿ ಬರೆಯಲಾರನು. ತೆರೆದಿಟ್ಟ ಪಟ್ಟಿಯು ಕೇಳದವನಿಗೂ ಸುದ್ದಿ ಕೊಡುತ್ತದೆ.

ಮೆನುವಿನಲ್ಲಿ ಮಾಸಲು ಬಣ್ಣಕ್ಕೆ ತಿರುಗಿ ಕುಳಿತಿರುವ ಆಜ್ಞೆಗಳ ವಿಚಾರವೂ ಇದರ ಜೊತೆಗೇ ಬರುತ್ತದೆ. ಮುದ್ರಣಕ್ಕೆ ಬೇಕೆಂದು ಚಿತ್ರವನ್ನು ಸಿಎಂವೈಕೆ ವರ್ಣಕ್ರಮಕ್ಕೆ ಬದಲಾಯಿಸಿದವನು ಅನಂತರ ಫೋಟೋಶಾಪಿನ ಫಿಲ್ಟರ್ ಗ್ಯಾಲರಿಗೆ ಹೋದರೆ ಅದು ಮಸುಕಾಗಿ ನಿಶ್ಚಲವಾಗಿರುತ್ತದೆ, ಎಷ್ಟು ಒತ್ತಿದರೂ ಕದಲುವುದಿಲ್ಲ. ಆ ಸೌಲಭ್ಯ ಸಿಎಂವೈಕೆ ಕ್ರಮದಲ್ಲಿ ನಡೆಯತಕ್ಕದ್ದಲ್ಲ ಎಂಬುದೊಂದೇ ವಾಕ್ಯ ಅಲ್ಲಿ ಮೂಡಿದ್ದರೆ ಅವನ ಮಧ್ಯಾಹ್ನ ಉಳಿಯುತ್ತಿತ್ತು. ಅದಿಲ್ಲದ ಕಾರಣ ಅವನು ತಂತ್ರಾಂಶ ಕೆಟ್ಟಿತೆಂದು ಭಾವಿಸಿ, ಗಣಕವನ್ನು ಆರಿಸಿ ಮತ್ತೆ ಹಚ್ಚಿ, ಕಡೆಗೆ "ಈ ವರ್ಶನ್ದಾಗ ಆ ಆಪ್ಷನ್ ಇಲ್ರಿ" ಎಂಬ ಸಿದ್ಧಾಂತಕ್ಕೆ ಬಂದು, ಅದನ್ನು ತನ್ನ ಶಿಷ್ಯನಿಗೂ ಉಪದೇಶಿಸುತ್ತಾನೆ. ನಿರಾಕರಣೆಗೆ ಕಾರಣ ಹೇಳದ ಅಧಿಕಾರವನ್ನು ಕಚೇರಿಯಲ್ಲಿ ಸಹಿಸದ ನಾವು ಪರದೆಯ ಮೇಲೆ ಏಕೆ ಸಹಿಸಬೇಕೋ ತಿಳಿಯದು. ಜಿಂಪ್‌ನ ಇತ್ತೀಚಿನ ಆವೃತ್ತಿಗಳಲ್ಲಿ ನಿಷ್ಕ್ರಿಯವಾದ ಆಜ್ಞೆಗೆ ಕಾರಣವನ್ನೂ ಸೂಚಿಸುವ ಪ್ರಯತ್ನ ನಡೆದಿರುವುದು ಶ್ಲಾಘ್ಯವಾದದ್ದು.

ಇಷ್ಟಕ್ಕೂ ಅನುಭವಿಗಳಾದ ಕೆಲವರು ಒಂದು ಆಕ್ಷೇಪವನ್ನು ಎತ್ತುತ್ತಾರೆ, ಅದು ಹಗುರವಾದದ್ದಲ್ಲ. ಕೋರೆಲ್‌ನಲ್ಲಿ ಎಫ್ 10 ಒತ್ತಿದರೆ ಶೇಪ್ ಟೂಲು, ಎಫ್ 11 ಒತ್ತಿದರೆ ಬಣ್ಣದ ಏರಿಳಿತ, ಎಫ್ 12 ಒತ್ತಿದರೆ ಅಂಚಿನ ಗೆರೆ; ನಿಜವಾದ ಕಸುಬುದಾರನು ಮೆನುವನ್ನು ನೋಡುವುದೇ ಇಲ್ಲ, ಹಿರಿಯನ ಪಕ್ಕದಲ್ಲಿ ಕುಳಿತು ನೋಡಿನೋಡಿ ಕಲಿತ ವಿದ್ಯೆಯೇ ಗಟ್ಟಿ, ಹುಡುಕಿ ಪಡೆದದ್ದು ನಿಲ್ಲುವುದಿಲ್ಲ ಎನ್ನುತ್ತಾರೆ ಅವರು. ಸತ್ಯಾಂಶ ಇದರಲ್ಲಿ ಬೇಕಾದಷ್ಟಿದೆ; ಬೆಳಗಾವಿಯ ಅಂಗಡಿಗಳಲ್ಲಿ ಎಡಗೈ ಕೀಲಿಗಳ ಮೇಲೂ ಬಲಗೈ ಮೌಸಿನ ಮೇಲೂ ಇಟ್ಟು, ಗಿರಾಕಿಯೊಡನೆ ಮಾತಾಡುತ್ತಲೇ ಪತ್ರಿಕೆಯನ್ನು ಮುಗಿಸುವವರ ವೇಗವನ್ನು ಯಾವ ಹುಡುಕುಪೆಟ್ಟಿಗೆಯೂ ಮುಟ್ಟಲಾರದು. ಆದರೆ ಗುರುಮುಖದಿಂದ ಬಂದ ವಿದ್ಯೆಗೆ ಗುರುವಿನ ಎಲ್ಲೆಯೇ ಎಲ್ಲೆ. ಪೇಜ್‌ಮೇಕರಿನಲ್ಲಿ ಪಳಗಿದ ಹಿರಿಯರು, ಅದರ ಕಡೆಯ ಆವೃತ್ತಿ 2001ರಲ್ಲಿಯೇ ಬಂದು ನಿಂತ ಮೇಲೆಯೂ ಬಹುಕಾಲ ಅದನ್ನೇ ಬಿಡದಿದ್ದುದಕ್ಕೆ ಹೊಸದರಲ್ಲಿ ಕೈಗೆ ದಾರಿ ಕಾಣದಿದ್ದುದೂ ಒಂದು ಪ್ರಬಲ ಹೇತು. ಇನ್ನೊಂದು ಮಾತು: ಬೆಳಗಾವಿಯಲ್ಲಿ ಕಷ್ಟ ಬಂದರೆ ಪಕ್ಕದ ಅಂಗಡಿಯಲ್ಲಿ ಕೇಳಬಹುದು. ಖಾನಾಪುರದಾಚೆ ನಂದಗಡದಲ್ಲಿಯೋ ಲೋಂಡಾದಲ್ಲಿಯೋ ಒಂದೇ ಗಣಕವನ್ನಿಟ್ಟುಕೊಂಡು ಝೆರಾಕ್ಸು, ಅರ್ಜಿ, ಫೋಟೋ, ಲಗ್ನಪತ್ರಿಕೆ ಎಲ್ಲವನ್ನೂ ನಿಭಾಯಿಸುವವನು ಯಾರ ಪಕ್ಕದಲ್ಲಿ ಕೂರಬೇಕು?

ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಯಂತ್ರವೇ ಮಾಡಿಕೊಡುವ ಕಾಲ ಬಂದಿರುವಾಗ ಈ ಚರ್ಚೆಯೇ ಅನವಶ್ಯಕವೆಂಬ ಅಭಿಪ್ರಾಯವೂ ಕೇಳಿಬರುತ್ತಿದೆ. ಬಹುಶಃ ಕೆಲವು ಕೆಲಸಗಳಿಗೆ ಅದು ನಿಜವಾದೀತು. ಆದರೆ ಗಿರಾಕಿಯು ಗಣಪತಿಯ ಚಿತ್ರವನ್ನು ಎರಡು ಮಿಲಿಮೀಟರು ಎಡಕ್ಕೆ ಸರಿಸಿ, ಉಳಿದುದನ್ನು ನಿನ್ನೆಯಂತೆಯೇ ಇಡಿರೆಂದು ಕೇಳಿದಾಗ, ಏನು ನಡೆಯಿತು, ಯಾವ ಆಜ್ಞೆಯಿಂದ ನಡೆಯಿತು, ಅದನ್ನು ಹಿಂದೆಗೆದುಕೊಳ್ಳುವುದು ಹೇಗೆ ಎಂಬ ತಿಳಿವು ಕಸುಬುದಾರನಲ್ಲಿಯೇ ಇರಬೇಕಾಗುತ್ತದೆ. ಕರ್ವ್ ಮಾಡಿದ ಮೇಲೆ ತಿದ್ದಲಾಗದೆಂಬುದನ್ನು ಅರಿಯದೆ ಬರಿಯ ಮಾತಿನಿಂದ ಮಾಡಿಸಿಕೊಂಡವನ ಗತಿ ರಾತ್ರಿ ಹತ್ತರ ಫೋನಿಗೆ ಗೊತ್ತಾಗುತ್ತದೆ.

ಹಾಗಾದರೆ ಇಲ್ಲಿ ಮಾಡಬಹುದಾದದ್ದೇನು? ವಾಣಿಜ್ಯದ ತಂತ್ರಾಂಶಗಳ ಬಾಗಿಲು ನಮಗೆ ಸುಲಭವಾಗಿ ತೆರೆಯದು. ಆದರೆ ಜಿಂಪ್, ಇಂಕ್‌ಸ್ಕೇಪ್‌ಗಳು ಮುಕ್ತವಾಗಿವೆ, ಅವುಗಳ ಮೆನುಗಳಿಗೆ ಸ್ವಯಂಸೇವಕರು ಕನ್ನಡ ಅನುವಾದವನ್ನೂ ಮಾಡಿದ್ದಾರೆ. ಆ ಪರಿಶ್ರಮಕ್ಕೆ ನಮಸ್ಕರಿಸುತ್ತಲೇ ಒಂದು ಮಾತನ್ನು ಹೇಳಬೇಕಾಗಿದೆ: ಅನುವಾದವು ಒಂದು ಹೆಸರನ್ನು ತೆಗೆದು ಇನ್ನೊಂದನ್ನು ಇಡುತ್ತದೆ, ಹೆಸರುಗಳ ಸಂಖ್ಯೆ ಒಂದಾಗಿಯೇ ಉಳಿಯುತ್ತದೆ. ಹೊಸದಾಗಿ ನಿರ್ಮಿತವಾದ ಪಾರಿಭಾಷಿಕ ಪದ ಎಷ್ಟೇ ವ್ಯಾಕರಣಶುದ್ಧವಾಗಿದ್ದರೂ, ಸಂಸ್ಕೃತಪದಗಳ ಮೇಲೆ ಮೋಹವುಳ್ಳ ನನ್ನಂಥವನಿಗೂ ಅದು ಮೆನುವಿನಲ್ಲಿ ಥಟ್ಟನೆ ಹೊಳೆಯುವುದಿಲ್ಲ. ಅಂಗಡಿಯವನಿಗಂತೂ ಅದು ಇಂಗ್ಲಿಷಿನಷ್ಟೇ ಅನ್ಯ. ಬೇಕಾಗಿರುವುದು ಅನುವಾದದ ಜೊತೆಗೆ ಒಂದು ಪರ್ಯಾಯಕೋಶ. ಮೆನುವಿನ ಮೇಲೆ ಏನೇ ಬರೆದಿರಲಿ, ಹುಡುಕುವ ಪೆಟ್ಟಿಗೆಯಲ್ಲಿ 'ಕರ್ವ್' ಎಂದರೂ, 'ಔಟ್‌ಲೈನ್' ಎಂದರೂ, 'ಅಕ್ಷರ ಒಡೆಯದಂತೆ' ಎಂದರೂ ಅದೇ ಆಜ್ಞೆ ಮುಂದೆ ಬಂದು ನಿಲ್ಲಬೇಕು. 'ಒತ್ತಕ್ಷರ' ಎಂದರೆ ಅಕ್ಷರ ಕೂಡಿಸುವ ಆಯ್ಕೆ ಎಷ್ಟು ಆಳದಲ್ಲಿದ್ದರೂ ಎದ್ದು ಬರಬೇಕು.

ಇದರಲ್ಲಿ ಹೊರಗಿನವರಿಗೆ ತೋರದ ಒಂದು ತೊಡಕೂ ಇದೆ. ಅಂಗಡಿಯ ಗಣಕದಲ್ಲಿ ನುಡಿ ಹಳೆಯ ಕ್ರಮದಲ್ಲಿ ಚಾಲ್ತಿಯಲ್ಲಿರುವಾಗ ಹುಡುಕುಪೆಟ್ಟಿಗೆಯಲ್ಲಿ ಕನ್ನಡವನ್ನು ಬರೆದರೆ ಅಲ್ಲಿ ಮೂಡುವುದು ಕನ್ನಡವಲ್ಲ, ಆ ಹಳೆಯ ಫಾಂಟಿನ ರೋಮನ್ ಸಂಕೇತಗಳು. ಆದ್ದರಿಂದ ಆ ಕೋಶವು ಯುನಿಕೋಡಿನ ಕನ್ನಡವನ್ನೂ, ರೋಮನ್ ಲಿಪಿಯಲ್ಲಿ ಬರೆದ ಕನ್ನಡವನ್ನೂ, ಸಾಧ್ಯವಾದರೆ ನುಡಿಯ ಆ ಸಂಕೇತಗಳನ್ನೂ ಗುರುತಿಸುವಂತಿರಬೇಕು. ಕಡೆಯದು ಹಾಸ್ಯವೆಂದು ತೋರಿದರೂ ಕಷ್ಟವಾದದ್ದೇನಲ್ಲ, ನುಡಿಯಿಂದ ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಬಹುಕಾಲದಿಂದ ಇವೆ.

ಪದಗಳನ್ನು ಸಂಗ್ರಹಿಸುವ ಕಾರ್ಯಕ್ಕೆ ದೊಡ್ಡ ಸಮಿತಿ ಬೇಡ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮವು ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯ ಮಗ್ಗುಲಿನಲ್ಲಿಯೇ, ಮಚ್ಛೆಯಲ್ಲಿದೆ. ಪ್ರಾಜೆಕ್ಟಿಗೆ ವಿಷಯವನ್ನು ಹುಡುಕುತ್ತಿರುವ ವಿದ್ಯಾರ್ಥಿಗಳು ಎರಡೂ ಊರಿನ ಅಂಗಡಿಗಳಿಗೆ ಹೋಗಿ, ಪರದೆಯ ಮೇಲೆ ಒಂದು ಕ್ರಿಯೆಯನ್ನು ಮಾಡಿ ತೋರಿಸಿ, ಇದಕ್ಕೆ ನೀವು ಏನೆನ್ನುತ್ತೀರಿ ಎಂದು ಕೇಳಿ ಬರೆದುಕೊಂಡರೆ ಸಾಕು. ಮೆನುವಿನ ಹೆಸರನ್ನು ಮೊದಲು ಹೇಳಬಾರದು, ಹೇಳಿದರೆ ಅದನ್ನೇ ಹಿಂದಿರುಗಿಸುತ್ತಾರೆ. ಕರ್ವ್ ಮಾಡುವುದು, ಪವರ್‌ಕ್ಲಿಪ್ ಹಾಕುವುದು, ಬ್ಯಾಕ್‌ಗ್ರೌಂಡ್ ತೆಗೆಯುವುದು ಮೊದಲಾದ ದಿನನಿತ್ಯದ ನಲವತ್ತು ಐವತ್ತು ಕ್ರಿಯೆಗಳಿಂದ ಆರಂಭವಾಗಲಿ. ಮರಾಠಿಯ ಪಟ್ಟಿಗೆ ಬೇರೆ ತಿರುಗಾಟ ಬೇಕಾಗುವುದಿಲ್ಲ. ಲಗ್ನಪತ್ರಿಕೆಯ ಕನ್ನಡದ ಮಗ್ಗುಲನ್ನೂ ಮರಾಠಿಯ ಮಗ್ಗುಲನ್ನೂ ಜೋಡಿಸುವವನು ಒಬ್ಬನೇ ಆಗಿರುವುದರಿಂದ, ಅದೂ ಅದೇ ಕುರ್ಚಿಯಲ್ಲಿ ದೊರೆಯುತ್ತದೆ.